ಹದಿನಾಲ್ಕನೇ ಹೊಲಿಗೆ

ಮಾರ್ಚ್ 2

ಅಕ್ಕಾ,

ನಾವೆಲ್ಲ ಕ್ಷೇಮ ಎಂದು ಶುರುಮಾಡಿ ಎರಡು ಹಾಳೆ ಹರಿದು ಹಾಕಿದೆ. ಇಲ್ಲಿ ಯಾರೂ ಕ್ಷೇಮವಾಗಿಲ್ಲ. ಚೀಲದ ಅಂಗಡಿ ಮುಚ್ಚಿ ನಲವತ್ತು ದಿನವಾಯಿತು. ಹೋದ ವಾರ ಕೋರ್ಟಿಗೆ ದಿವಾಳಿ ಅರ್ಜಿ ಹಾಕಿದೆ. ಬೇರೆಯವರ ಬಾಯಿಂದ ನಿನ್ನ ಕಿವಿಗೆ ಬೀಳುವ ಮೊದಲು ನಾನೇ ಹೇಳಬೇಕು ಅಂದುಕೊಂಡಿದ್ದೆ. ಇಷ್ಟರಲ್ಲಿ ಬಿದ್ದೂ ಇರಬಹುದು, ಇಂಥ ಸುದ್ದಿಗೆ ಕಾಲು ಜಾಸ್ತಿ.

ಹೇಗಾಯಿತು ಅಂತ ದೊಡ್ಡ ಕಥೆಯೇನಿಲ್ಲ. ಅಮ್ಮ ಒಂದೇ ಮಿಷನ್ನಿನಲ್ಲಿ ಚೀಲ ಹೊಲಿದು ನಮ್ಮಿಬ್ಬರನ್ನೂ ಸಾಕಿದಳು. ನಾನು ಒಂಬತ್ತು ಮೋಟಾರ್ ಮಿಷನ್ ತಂದೆ, ಗಾಜಿನ ಬಾಗಿಲು ಹಾಕಿಸಿದೆ, ಮೇಲೊಂದು ದೀಪದ ಬೋರ್ಡು. ಎಲ್ಲ ಸಾಲದ್ದೇ. ಮೂರು ಶಾಲೆಯವರು ಒಂದೇ ವರ್ಷ ನಮ್ಮ ಚೀಲ ಬಿಟ್ಟು ಅಗ್ಗದ ಚೀಲಕ್ಕೆ ಹೋದರು. ಆಮೇಲೆ ಒಂದು ಸಾಲಕ್ಕೆ ಇನ್ನೊಂದು ಸಾಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಒಂಬತ್ತು ಮಿಷನ್ನುಗಳನ್ನೂ ಬ್ಯಾಂಕಿನವರು ಒಂದೇ ಬೆಳಿಗ್ಗೆ ಎತ್ತಿಕೊಂಡು ಹೋದರು. ಬೀದಿಯವರೆಲ್ಲ ಹಲ್ಲುಜ್ಜುತ್ತಾ ನಿಂತು ನೋಡಿದರು.

ದಿವಾಳಿ ಅಂದರೆ ಮೈಮೇಲಿನ ಅಂಗಿಯನ್ನೂ ಬಿಚ್ಚಿಸಿಕೊಳ್ಳುತ್ತಾರೆ ಅಂತ ತಿಳಿದಿದ್ದೆ. ಹಾಗಿಲ್ಲವಂತೆ. ಕೋರ್ಟಿನವರೇ ನನಗೊಬ್ಬ ವಕೀಲಮ್ಮನನ್ನು ಕೊಟ್ಟಿದ್ದಾರೆ, ನಿನ್ನ ಮಗಳಿಗಿಂತ ಏಳೆಂಟು ವರ್ಷ ದೊಡ್ಡವಳು ಅಷ್ಟೇ. ಅವಳು ಒಂದು ಫಾರಂ ಮುಂದಿಟ್ಟು, “ನೋಡಿ, ಹಾಸಿಗೆ ನಿಮ್ಮದೇ. ಅಡುಗೆ ಪಾತ್ರೆ ನಿಮ್ಮದೇ. ಬಟ್ಟೆಬರೆ ನಿಮ್ಮದೇ. ಕಸುಬಿನ ಸಲಕರಣೆಗೂ ಒಂದು ಮಿತಿವರೆಗೆ ಯಾರೂ ಕೈ ಹಾಕೋ ಹಾಗಿಲ್ಲ. ಮಿಕ್ಕಿದ್ದನ್ನ ಮಾರಿ ಸಾಲ ಕೊಟ್ಟೋರಿಗೆ ಹಂಚ್ತಾರೆ,” ಅಂದಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಅಮ್ಮ ದಿನಾ ಬಡಿದುಕೊಳ್ಳುತ್ತಿದ್ದಳು. ಈಗ ಕೋರ್ಟು ನನಗೆ ಉಳಿಸಿಕೊಟ್ಟಿರುವುದು ಹಾಸಿಗೆಯನ್ನೇ.

“ಕಸುಬಿಂದು ಏನೇನಿದೆ?” ಅಂತ ಕೇಳಿದಳು. ಕತ್ತರಿ, ದಬ್ಬಳ, ಸುತ್ತಿಗೆ ಅಂದೆ. ಆಮೇಲೆ, ಒಂದು ಹಳೇ ಕಾಲಿನ ಮಿಷನ್ನು ಅಂದೆ.

“ಅಯ್ಯೋ, ಅದೇ ತಾನೇ ಮುಖ್ಯ! ಅದು ಉಳಿಯತ್ತೆ, ಬರ್ಕೊಳ್ಳಿ.”

ಪೆನ್ನು ಹಿಡಿದು ಕೂತೆ. ಬರೆಯಲು ಆಗಲಿಲ್ಲ.

ಅಕ್ಕಾ, ಅದು ಅಮ್ಮನ ಮಿಷನ್ನೇ. ಕುಂಟಿ ಸತ್ತಿಲ್ಲ.

ಅಮ್ಮ ಚರ್ಮ ಕತ್ತರಿಸುವುದನ್ನು ನನಗೆ ಕಲಿಸಿದಳು, ಹೊಲಿಯುವುದನ್ನು ನಿನಗೆ. ಹೋಗುವಾಗಲೂ ಹಾಗೇ ಹೇಳಿ ಹೋದಳು, ಕತ್ತರಿ ಅವನಿಗೆ, ಕುಂಟಿ ಮಗಳಿಗೆ ಅಂತ. ನಿಮ್ಮೂರ ಕಡೆ ಲಾರಿ ಹೊರಟಾಗ ಕಳಿಸುತ್ತೇನೆ ಅಂತ ನಾನು ಮಾತು ಕೊಟ್ಟಿದ್ದೆ. ಆಗಷ್ಟೇ ಅಂಗಡಿ ಹಾಕಿದ್ದೆ. ದಪ್ಪ ಬಾರು ಹೊಲಿಯಲು ಕುಂಟಿ ಬಿಟ್ಟರೆ ಗತಿ ಇರಲಿಲ್ಲ. ಇವತ್ತು ನಾಳೆ ಅಂತ ಒಂದು ವರ್ಷ ತಳ್ಳಿದೆ. ನೀನು ಮೂರನೇ ಸಲ ಕೇಳಿದಾಗ, ಕುಂಟಿ ತುಕ್ಕು ಹಿಡಿದು ಮುರಿದಳು, ಗುಜರಿಗೆ ಹಾಕಿದೆ ಅಂತ ಬರೆದೆ. ಗುಜರಿಯ ದುಡ್ಡು ಅಂತ ಒಂದಿಷ್ಟು ಮನಿಯಾರ್ಡರ್ ಕೂಡ ಮಾಡಿದೆ. ಆವತ್ತು ಅಂಚೆ ಕಚೇರಿಯಿಂದ ಬಂದು ಊಟ ಮಾಡಿದೆ. ಅದೂ ಎರಡು ಸಲ ಬಡಿಸಿಕೊಂಡು.

ಈಗ ಪೂರ್ತಿ ಹೇಳಿಬಿಡುತ್ತೇನೆ. ಕುಂಟಿ ನನ್ನದು ಅಂತ ಬರೆದರೆ ಕಾನೂನೇ ಅವಳನ್ನು ನನಗೆ ಉಳಿಸಿಕೊಡುತ್ತದೆ. ಯಾರೂ ಕೇಳುವುದಿಲ್ಲ. ನಿನ್ನದು ಅಂತ ಬರೆದರೆ ನನಗೆ ಹೊಟ್ಟೆಪಾಡಿಲ್ಲ. ಇಪ್ಪತ್ತೆಂಟನೇ ತಾರೀಕು ಪ್ರಮಾಣ ಮಾಡಿ ಪಟ್ಟಿ ಒಪ್ಪಿಸಬೇಕು. ಏನು ಬರೆಯಲಿ?

ನಿನ್ನ ತಮ್ಮ (ಹಾಗೆ ಬರೆದುಕೊಳ್ಳಲು ನೀನು ಬಿಡುವುದಾದರೆ)


ಮಾರ್ಚ್ 11

ಅಕ್ಕಾ,

ಹಿಂದಿನ ಕಾಗದ ತಲುಪಿತೋ ಇಲ್ಲವೋ. ತಲುಪದಿದ್ದರೆ ಚೆನ್ನ ಅಂತ ಅರ್ಧ ಮನಸ್ಸು, ತಲುಪಿರಲಿ ಅಂತ ಇನ್ನರ್ಧ.

ನಿನ್ನೆ ಪಟ್ಟಿ ಮಾಡುವ ಅಧಿಕಾರಿ ಮನೆಗೆ ಬಂದಿದ್ದರು. ಕನ್ನಡಕ, ಬಗಲಲ್ಲಿ ರಿಜಿಸ್ಟರು, ಒಳಗೆ ಬರುವ ಮೊದಲು ಚಪ್ಪಲಿ ಜೋಡಿಸಿಟ್ಟರು. ಸಭ್ಯ ಮನುಷ್ಯ, ಅದೇ ನನಗೆ ಕಷ್ಟವಾಯಿತು. ಒರಟಾಗಿದ್ದರೆ ನಾನೂ ಮುಖ ಗಂಟು ಹಾಕಿಕೊಳ್ಳಬಹುದಿತ್ತು. ಅಡುಗೆಮನೆಗೆ ಹೋಗಿ ಪಾತ್ರೆ ಎಣಿಸಿದರು. ನನ್ನ ಹೆಂಡತಿ ತಳ ಸುಟ್ಟ ಬಾಣಲೆಯನ್ನು ಸೆರಗಿನ ಹಿಂದೆ ಇಟ್ಟುಕೊಂಡು ನಿಂತಿದ್ದಳು. ಕಿತ್ತುಕೊಳ್ಳುತ್ತಾರೆ ಅಂತಲ್ಲ, ಕಪ್ಪಾಗಿದೆಯಲ್ಲ ಅಂತ ನಾಚಿಕೆ. “ಇರಲಿ ಬಿಡಮ್ಮಾ, ಅದು ನಿಮ್ಮದೇ,” ಅಂದರು ಅವರು.

ಫಾರಮ್ಮಿನಲ್ಲಿ ಮೂರು ಕಲಂ ಇವೆ. ಮಾರುವಂಥದ್ದು, ಉಳಿಸಿಕೊಳ್ಳುವಂಥದ್ದು, ಬೇರೆಯವರದ್ದು ನಿಮ್ಮ ಹತ್ತಿರ ಇರುವಂಥದ್ದು. “ಬೇರೆಯವರದ್ದು ಏನಾದ್ರೂ ಇದೆಯಾ?” ಅಂತ ಅವರು ಎಲ್ಲರಿಗೂ ಕೇಳುವ ಹಾಗೇ ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಆಗ ಹಿಂದೆ ತಿರುಗಿ ಕುಂಟಿಯನ್ನೇ ನೋಡಿದೆ. ಅವರೂ ನೋಡಿದರು. “ಯೋಚ್ನೆ ಮಾಡಿ ಬರೀರಿ, ಟೈಮಿದೆ,” ಅಂತ ಹೊರಟರು.

ಕುಂಟಿಯ ಮಟ್ಟಿಗೆ ಎರಡನೇ ಕಲಮ್ಮೂ ಖಾಲಿ ಇದೆ, ಮೂರನೆಯದೂ ಖಾಲಿ ಇದೆ. ಬೈದಾದರೂ ಬರೆ.

ನಿನ್ನ ತಮ್ಮ


ಮಾರ್ಚ್ 17

ತಮ್ಮನಿಗೆ,

ಎರಡು ಕಾಗದವೂ ಬಂದಿವೆ. ಅಂಚೆಯವನದು ತಪ್ಪಿಲ್ಲ.

ಕುಂಟಿ ಬದುಕಿದ್ದಾಳೆ ಅಂತ ನನಗೆ ಹನ್ನೊಂದು ವರ್ಷದಿಂದ ಗೊತ್ತು.

ಗುಜರಿಗೆ ಹಾಕಿದೆ ಅಂತ ನೀನು ಬರೆದ ಮೂರು ತಿಂಗಳಿಗೆ ಮಗಳು ಒಂದನೇ ಕ್ಲಾಸಿಗೆ ಸೇರಿದಳು. ನೀನು ಚೀಲ ಕಳಿಸಿದೆ. ಕಂದು ಚರ್ಮ, ಎರಡು ಹಿತ್ತಾಳೆ ಬಕಲ್. “ಮಾವ ಕಳ್ಸಿದ್ದು, ಮಾವ ಕಳ್ಸಿದ್ದು” ಅಂತ ಅವಳು ಮನೆಯೆಲ್ಲ ಕುಣಿದಳು. ನಾನು ಬಾರಿನ ಮೇಲೆ ಬೆರಳಾಡಿಸಿದೆ. ಹದಿಮೂರು ಹೊಲಿಗೆ ಸರಿ, ಹದಿನಾಲ್ಕನೆಯದು ಗಿಡ್ಡ. ಮತ್ತೆ ಹದಿಮೂರು ಸರಿ, ಮತ್ತೆ ಗಿಡ್ಡ. ಅಮ್ಮ ಮನೆ ಬದಲಾಯಿಸಿದ ದಿನ ಮಿಷನ್ನು ಮೆಟ್ಟಿಲಿಂದ ಉರುಳಿ ಒಳಚಕ್ರದ ಒಂದು ಹಲ್ಲು ಮುರಿಯಿತಲ್ಲ, ಹಗ್ಗ ಹಿಡಿದಿದ್ದವನು ನೀನೇ. ಆವತ್ತಿನಿಂದ ಹದಿನಾಲ್ಕಕ್ಕೊಮ್ಮೆ ಕುಂಟುತ್ತಾಳೆ. ಹೆಸರು ಬಂದದ್ದೂ ಹಾಗೆ. ಹಾಗೆ ಹೊಲಿಯುವ ಇನ್ನೊಂದು ಮಿಷನ್ ಎಲ್ಲಾದರೂ ಇದ್ದರೆ ತೋರಿಸು.

ಕದ್ದವನು ಕದ್ದದ್ದರಲ್ಲೇ ಉಡುಗೊರೆ ಹೊಲಿದು ಕಳಿಸುತ್ತಾನಾ? ನಿನ್ನ ಹತ್ತಿರ ಒಂಬತ್ತು ಹೊಸ ಮಿಷನ್ ಇದ್ದವಲ್ಲೋ ಮಹಾರಾಯ.

ವರ್ಷಕ್ಕೊಂದು ಚೀಲ ಬಂತು. ಪ್ರತಿ ವರ್ಷವೂ ನಾನು ಮೊದಲು ಹೊಲಿಗೆ ಎಣಿಸುತ್ತಿದ್ದೆ, ಆಮೇಲೆ ಒಳಜೇಬಿಗೆ ಕೈ ಹಾಕುತ್ತಿದ್ದೆ. ಈ ವರ್ಷ ಒಂದು ಚೀಟಿ ಇಟ್ಟಿರುತ್ತಾನೆ, ತಪ್ಪಾಯಿತು ಅಂತ ಎರಡು ಸಾಲು ಬರೆದಿರುತ್ತಾನೆ ಅಂತ. ಜೇಬಿನಲ್ಲಿ ಚರ್ಮದ ಪುಡಿ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಹನ್ನೊಂದು ಸಲ ನೋಡಿದ್ದೇನೆ.

ಈ ಹನ್ನೊಂದು ವರ್ಷ ನಾನು ಬಾಡಿಗೆ ಮಿಷನ್ನಿನಲ್ಲಿ ಆಸ್ಪತ್ರೆಯ ಹರಿದ ಹಾಸುಬಟ್ಟೆ ಹೊಲಿದಿದ್ದೇನೆ. ತಿಂಗಳು ಮುಗಿದ ಮಾರನೇ ದಿನ ಬಾಡಿಗೆ ಕೊಡದಿದ್ದರೆ ಅದರ ಯಜಮಾನಿ ಬಂದು ಸೂಜಿ ಬಿಚ್ಚಿಕೊಂಡು ಹೋಗುತ್ತಾಳೆ. ಇದನ್ನು ನಿನಗೆ ಯಾವತ್ತೂ ಬರೆದಿಲ್ಲ.

ನನ್ನದೂ ಒಂದಿದೆ, ಬರೆದುಬಿಡುತ್ತೇನೆ. ನೀನು ಗುಜರಿಯದು ಅಂತ ಕಳಿಸಿದ ದುಡ್ಡನ್ನು ಡಬ್ಬಿಯಲ್ಲಿ ಇಟ್ಟಿದ್ದೆ. ಮೊದಲ ಚೀಲ ಬಂದ ಮೇಲೆ ನಿನ್ನ ಮುಖಕ್ಕೆ ಎಸೆಯಬೇಕು ಅಂತಲೇ ಇಟ್ಟಿದ್ದೆ. ಮಗಳಿಗೆ ಜ್ವರ ಬಂದ ವರ್ಷ ಖರ್ಚು ಮಾಡಿದೆ. ಆಮೇಲೆ ಬಾಯಿ ಕಟ್ಟಿಹೋಯಿತು. ನಿನ್ನ ಭಾವನ ಹತ್ತಿರ, ಅವನ ಹೊಸ ಮಿಷನ್ನೇ ಹೀಗೆ ಹೊಲಿಯೋದು ಅಂತ ಹೇಳಿದ್ದೇನೆ. ಕಳ್ಳನ ಅಕ್ಕ ಅನ್ನಿಸಿಕೊಳ್ಳುವುದಕ್ಕಿಂತ ಸುಳ್ಳಿ ಅನ್ನಿಸಿಕೊಳ್ಳುವುದು ಸುಲಭವಾಗಿತ್ತು.

ಏನು ಬರೆಯಲಿ ಅಂತ ನನ್ನನ್ನು ಕೇಳಬೇಡ. ಸುಳ್ಳು ಬರೆಯುವಾಗ ಕೇಳಿದ್ದೆಯಾ?

ಅಕ್ಕ


ಮಾರ್ಚ್ 29

ಅಕ್ಕಾ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಒಳಜೇಬಿನ ಮಾತು ಬಂದಾಗೆಲ್ಲ ಮಡಚಿಟ್ಟೆ.

ನಿನ್ನ ಸೊಸೆ ಚೀಲ ಅಂದರೆ... ನೋಡು, ನಾಚಿಕೆಯಲ್ಲಿ ಸಂಬಂಧವೂ ತಪ್ಪುತ್ತಿದೆ, ನಿನ್ನ ಮಗಳು, ನನ್ನ ಸೊಸೆ. ಅವಳ ಚೀಲ ಅಂದರೆ ಮೋಟಾರ್ ಮಿಷನ್ನಿಗೆ ಕೊಡಲು ಮನಸ್ಸು ಬರುತ್ತಿರಲಿಲ್ಲ. ಆ ಹೊಲಿಗೆ ಎರಡು ವರ್ಷಕ್ಕೆ ಬಿಡುತ್ತದೆ. ಕುಂಟಿಯದು ಬಿಡುವುದಿಲ್ಲ. ಗಿಡ್ಡ ಹೊಲಿಗೆ ನೋಡಿ ನೋಡಿ ನನ್ನ ಕಣ್ಣಿಗೆ ಕಾಣುವುದೇ ನಿಂತುಹೋಗಿತ್ತು. ನಿನ್ನ ಕಣ್ಣಿಗೆ ಕಾಣುತ್ತದೆ ಅಂತ ಹೊಳೆಯಲೇ ಇಲ್ಲ.

ನಿನ್ನೆ ಮೂರನೇ ಕಲಮ್ಮಿನಲ್ಲಿ ಬರೆದೆ. ಹಳೆಯ ಕಾಲಿನ ಹೊಲಿಗೆ ಮಿಷನ್ ಒಂದು, ನನ್ನ ಅಕ್ಕನದು.

ಬರೆದು ಕೊಟ್ಟರೆ ಮುಗಿಯಿತು ಅಂದುಕೊಂಡಿದ್ದೆ. ಮುಗಿಯಲಿಲ್ಲ. ಉದ್ದನೆಯ ಕೋಣೆ, ಎರಡು ಬೆಂಚು. ಒಂದರಲ್ಲಿ ನಾನು ಬಾಕಿ ಕೊಡಬೇಕಾದ ಚರ್ಮದವರು, ದಾರದವರು, ಬಕಲ್ಲಿನವರು. ಎಲ್ಲರ ಮನೆಯ ಮದುವೆ ಉಂಡವನು ನಾನು. ಇನ್ನೊಂದರಲ್ಲಿ ನಾನು, ನನ್ನ ಹೆಂಡತಿ, ವಕೀಲಮ್ಮ. ಅಧಿಕಾರಿ ಓದಿ ತಲೆ ಎತ್ತಿದರು.

“ಅಕ್ಕನ ಮಿಷನ್ನು ಇಷ್ಟು ವರ್ಷದಿಂದ ನಿಮ್ಮ ಹತ್ರ ಯಾಕಿದೆ? ಬಾಡಿಗೆಗಾ, ಕೈಗಡಾನಾ?”

ವಕೀಲಮ್ಮ ನನ್ನ ಕಾಲು ಒತ್ತಿದಳು. ಅಕ್ಕ ಪ್ರೀತಿಯಿಂದ ಕೊಟ್ಟದ್ದು ಅಂದುಬಿಡಿ ಅಂತ ಬಾಗಿಲ ಹೊರಗೇ ಹೇಳಿಕೊಟ್ಟಿದ್ದಳು. ಬಾಯಿಯವರೆಗೂ ಬಂತು, ಅಕ್ಕಾ. ನಿನ್ನ ಪ್ರೀತಿಯನ್ನೂ ಕದ್ದು ಪಟ್ಟಿಗೆ ಸೇರಿಸಲು ಆಗಲಿಲ್ಲ.

“ಸುಳ್ಳು ಹೇಳಿ ಇಟ್ಕೊಂಡಿದ್ದೆ ಸಾರ್,” ಅಂದೆ.

ದಾರದವರು ಕೆಮ್ಮಿದರು. ಚರ್ಮದವರು ಕಿಟಕಿ ಕಡೆ ತಿರುಗಿದರು. ನೆಲ ಬಾಯಿ ಬಿಟ್ಟಿದ್ದರೆ ಬೆಂಚು ಸಮೇತ ಒಳಗೆ ಹೋಗುತ್ತಿದ್ದೆ. ದುಡ್ಡು ಕೊಡಲಾಗದವನು ಅಂತ ಅವರಿಗೆಲ್ಲ ಮೊದಲೇ ಗೊತ್ತಿತ್ತು, ಇದು ಗೊತ್ತಿರಲಿಲ್ಲ.

ಹೆಂಡತಿಗೂ ಗೊತ್ತಿರಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುತ್ತಾ ಕೇಳಿದಳು: “ಅತ್ತಿಗೆ ಎರಡು ಸಲ ಬಂದಾಗಲೂ ಆ ಕೋಣೆಗೆ ನನ್ ಕೈಲೇ ಬೀಗ ಹಾಕಿಸಿದ್ರಲ್ಲ, ಇದಕ್ಕಾ?” ಹೌದು ಅಂದೆ. ಇವತ್ತು ತಟ್ಟೆ ಮುಂದಿಟ್ಟು ಹಿತ್ತಲಿಗೆ ಹೋದಳು.

ಇನ್ನು ನಿನ್ನ ಕೆಲಸ. ಕುಂಟಿ ನಿನ್ನದು ಅಂತ ಹದಿನೈದು ದಿನದೊಳಗೆ ನೀನು ಅಧಿಕಾರಿಗೆ ಬರೆದು ಪುರಾವೆ ಕೊಡಬೇಕಂತೆ. ಇಲ್ಲವಾದರೆ ಹರಾಜಿಗೆ ಹೋಗುತ್ತಾಳೆ. ನನ್ನ ಬಾಯಿಂದಲೇ ನನ್ನದಲ್ಲ ಅಂದ ಮೇಲೆ ನನಗೂ ಉಳಿಯುವುದಿಲ್ಲ. ರಸೀದಿ ಎಲ್ಲಿಂದ ತರೋಣ? ಅಮ್ಮ ಯಾರ ಹತ್ತಿರ ಕೊಂಡಳೋ ದೇವರಿಗೇ ಗೊತ್ತು. ನನ್ನ ಮೇಲಿನ ಕೋಪಕ್ಕೆ ಸುಮ್ಮನಿರಬೇಡ. ಬರೆ.

ತಮ್ಮ


ಏಪ್ರಿಲ್ 4
(ಅಧಿಕಾರಿಗೆ ಬರೆದದ್ದು, ಒಂದು ಪ್ರತಿ ತಮ್ಮನಿಗೆ)

ಮಾನ್ಯರೇ,

ನನ್ನ ತಮ್ಮನ ಮನೆಯಲ್ಲಿರುವ ಹೊಲಿಗೆ ಮಿಷನ್ ನನ್ನದು. ನಮ್ಮ ತಾಯಿ ಸಾಯುವಾಗ ನನಗೆ ಕೊಟ್ಟದ್ದು. ರಸೀದಿ ಇಲ್ಲ. ಇರುವುದನ್ನು ಕಳಿಸುತ್ತಿದ್ದೇನೆ.

ಒಂದು, ನಮ್ಮ ತಾಯಿ ಹೊಲಿದ ಕೈಚೀಲ. ಎರಡು, ನನ್ನ ಮಗಳ ಮೊದಲ ಶಾಲೆಚೀಲದ ಬಾರು. ದಯವಿಟ್ಟು ಎರಡರ ಹೊಲಿಗೆಯನ್ನೂ ಎಣಿಸಿ. ಆಮೇಲೆ ಆ ಮಿಷನ್ನಿನಲ್ಲಿ ಒಂದು ತುಂಡು ಚರ್ಮದ ಮೇಲೆ ಹೊಲಿಸಿ ಅದನ್ನೂ ಎಣಿಸಿ. ಮೂರರಲ್ಲೂ ಹದಿನಾಲ್ಕನೆಯದು ಗಿಡ್ಡ ಇರುತ್ತದೆ. ಬೆಳಕು ಕಡಿಮೆಯಿದ್ದರೆ ಉಗುರಿನಲ್ಲಿ ನೋಡಿ, ಗೊತ್ತಾಗುತ್ತದೆ.

ಇಷ್ಟರಿಂದ ಅದು ನಮ್ಮ ತಾಯಿಯದು ಅಂತ ಆಗುತ್ತದೆ, ನನ್ನದು ಅಂತ ಹೇಗೆ ಅಂತ ನೀವು ಕೇಳಬಹುದು. ಅದಕ್ಕೆ ಮೂರನೆಯದು, ತಮ್ಮ ಹನ್ನೊಂದು ವರ್ಷದ ಹಿಂದೆ ನನಗೆ ಬರೆದ ಕಾಗದ. ಅದರಲ್ಲಿ ಹೀಗಿದೆ (ಕುಂಟಿ ಅಂದರೆ ಈ ಮಿಷನ್ನೇ): ‘ಅಮ್ಮ ನಿನಗೆ ಕೊಟ್ಟ ಕುಂಟಿ ತುಕ್ಕು ಹಿಡಿದು ಮುರಿದಳು, ಗುಜರಿಗೆ ಹಾಕಿದೆ.’ ತುಕ್ಕು ಸುಳ್ಳು, ಮುರಿದದ್ದು ಸುಳ್ಳು, ಗುಜರಿಯೂ ಸುಳ್ಳು. ಮೊದಲ ಮೂರು ಪದ ಮಾತ್ರ ನಿಜ.

ಕಾಗದವನ್ನು ವಾಪಸ್ ಕಳಿಸಬೇಕೆಂದು ಕೋರುತ್ತೇನೆ. ಇಷ್ಟು ವರ್ಷ ಇಟ್ಟುಕೊಂಡಿದ್ದು ರೂಢಿಯಾಗಿದೆ.

ಇತಿ,
ಮಿಷನ್ನಿನ ಒಡತಿ


ಏಪ್ರಿಲ್ 21
(ಚೀಲದ ಒಳಜೇಬಿನಲ್ಲಿ)

ಅಕ್ಕಾ,

ಮೊದಲು ಹೊಲಿಗೆ ಎಣಿಸಿರುತ್ತೀಯ. ಎಣಿಸಿ ಜೇಬಿಗೆ ಕೈ ಹಾಕಿರುತ್ತೀಯ. ಹನ್ನೊಂದು ವರ್ಷ ತಡವಾಗಿದೆ, ಆದರೂ ಬರೆಯುತ್ತೇನೆ. ತಪ್ಪಾಯಿತು. ಎರಡು ಸಾಲು ಅಂದಿದ್ದೆ ನೀನು. ನನಗೆ ಒಂದೇ ಸಾಲು ಬಂತು.

ಅಧಿಕಾರಿ ಮೂರನ್ನೂ ಮೇಜಿನ ಮೇಲಿಟ್ಟು ಉಗುರಿನಲ್ಲಿ ಒತ್ತುತ್ತಾ ಜೋರಾಗಿ ಎಣಿಸಿದರು. “ಹನ್ನೆರಡು, ಹದಿಮೂರು... ಹ್ಞಾ, ಇಲ್ಲಿದೆ ನೋಡ್ರಿ!” ಚರ್ಮದವರು ಎದ್ದು ಬಂದು ತಾವೂ ಎಣಿಸಿದರು. ಆಮೇಲೆ ನನ್ನ ಹಳೆಯ ಕಾಗದ ಓದಿದರು, ಎಲ್ಲರಿಗೂ ಕೇಳುವ ಹಾಗೆ. ಅದರಲ್ಲಿ ನಾನು ‘ತುಂಬ ದುಃಖವಾಗಿದೆ’ ಅಂತಲೂ ಬರೆದಿದ್ದೆ. ನನಗೆ ಮರೆತೇಹೋಗಿತ್ತು. ಆ ಸಾಲಿಗೆ ಬಂದಾಗ ಅವರು ಓದುವುದನ್ನು ನಿಲ್ಲಿಸಿ ಮಿಕ್ಕಿದ್ದನ್ನು ಮನಸ್ಸಿನಲ್ಲೇ ಓದಿಕೊಂಡರು. ಅಷ್ಟು ಮರ್ಯಾದೆ ನನಗೆ ಉಳಿಸಿಕೊಟ್ಟರು. ಕಾಗದ ಈ ಲಕೋಟೆಯಲ್ಲಿದೆ.

ಲಾರಿಯವನಿಗೆ ಕುಂಟಿಯನ್ನು ಗೋಣಿ ಸುತ್ತಿ ಒಪ್ಪಿಸಿದ್ದೇನೆ. ಎಡಗಾಲು ಮೊದಲು ಒತ್ತು, ಬಲಗಾಲಿಂದ ಶುರುಮಾಡಿದರೆ ಹಿಂದಕ್ಕೆ ಓಡುತ್ತಾಳೆ. ಎಣ್ಣೆ ವಾರಕ್ಕೊಮ್ಮೆ ಸಾಕು.

ಈ ಚೀಲ ಅಂಗಡಿಯಲ್ಲಿ ಉಳಿದ ಚೂರು ಚರ್ಮದ್ದು. ತೆಗೆದುಕೊಳ್ಳಬಹುದಾ ಅಂತ ಅಧಿಕಾರಿಯನ್ನು ಕೇಳಿದೆ. ಚೂರುಗಳನ್ನು ಕೈಯಲ್ಲಿ ಹಿಡಿದು ನೋಡಿ, ರಿಜಿಸ್ಟರಿನಲ್ಲಿ ‘ಬೆಲೆ ಇಲ್ಲ’ ಅಂತ ಬರೆದುಕೊಟ್ಟರು. ಇದು ಸೊಸೆಗಲ್ಲ, ನಿನಗೆ.

ನನಗೆ ಉಳಿದದ್ದು ಹಾಸಿಗೆ ಎರಡು, ಪಾತ್ರೆ ಹದಿನೇಳು, ಬಟ್ಟೆ, ಕತ್ತರಿ, ದಬ್ಬಳ, ಸುತ್ತಿಗೆ. ತಿಂಗಳ ಕೊನೆಗೆ ಮನೆ ಬಿಡಬೇಕು. ನನ್ನ ಕೈಕೆಳಗೆ ಕೆಲಸ ಕಲಿತವನೊಬ್ಬ ಈಗ ಅಂಗಡಿ ಇಟ್ಟಿದ್ದಾನೆ, ಅವನನ್ನು ಕೇಳಲು ಹೋಗಿದ್ದೆ. ಅವನು ನನ್ನನ್ನು ನೋಡಿ ಕುರ್ಚಿಯಿಂದ ಎದ್ದು ನಿಂತ. ಅದನ್ನು ನೋಡಿ, ಸುಮ್ಮನೆ ಮಾತಾಡಿಸಿಕೊಂಡು ಹೋಗಲು ಬಂದೆ ಅಂತ ಹೇಳಿ ವಾಪಸ್ ಬಂದೆ.

ಇದನ್ನೆಲ್ಲ ಬರೆದದ್ದು ನಿನ್ನಿಂದ ಏನನ್ನೂ ಕೇಳುವುದಕ್ಕಲ್ಲ. ಕೇಳುವ ಮುಖ ನನಗಿಲ್ಲ.

ತಮ್ಮ


ಏಪ್ರಿಲ್ 26

ದಾರದುಂಡೆ,

ಅಮ್ಮ ನಿನ್ನನ್ನು ಹೀಗೆ ಕರೆಯುತ್ತಿದ್ದದ್ದು ನೀನು ದುಂಡಗಿದ್ದೆ ಅಂತ ಮಾತ್ರ ಅಲ್ಲ. ಎಲ್ಲಿ ಉರುಳಿದರೂ ತುದಿ ಮನೆಯಲ್ಲೇ ಇರುತ್ತಿತ್ತು ಅಂತ.

ಕುಂಟಿ ಬಂದಿದ್ದಾಳೆ. ಕಿಟಕಿ ಪಕ್ಕ ಇಟ್ಟಿದ್ದೇನೆ. ಬಾಡಿಗೆಯವಳಿಗೆ ಅವಳ ಮಿಷನ್ನನ್ನು ಸೂಜಿ ಸಮೇತ ಒಪ್ಪಿಸಿ ಬಂದೆ. ಭಾವನಿಗೆ ಎಲ್ಲ ಹೇಳಿದೆ. “ನೀನು ಪ್ರತಿ ವರ್ಷ ಚೀಲ ತಿರುವಿ ತಿರುವಿ ನೋಡ್ತಿದ್ದದ್ದು ನಂಗೆ ಕಾಣ್ತಿರ್ಲಿಲ್ವಾ?” ಅಂದರು. ಈ ಮನೆಯಲ್ಲಿ ಎಲ್ಲರಿಗೂ ಎಲ್ಲ ಗೊತ್ತಿತ್ತು, ಬಾಯಿ ಮಾತ್ರ ಯಾರಿಗೂ ಇರಲಿಲ್ಲ.

ಚೀಲದ ಹೊಲಿಗೆ ಎಣಿಸಿದೆ. ಜೇಬಿಗೆ ಕೈ ಹಾಕಿದೆ. ಕಾಗದ ಕೈಗೆ ತಗುಲಿದಾಗ ಅಲ್ಲೇ ನೆಲದ ಮೇಲೆ ಕೂತೆ. ಮಗಳು ಬಂದು ಏನಮ್ಮಾ ಅಂದಳು. ಸೂಜಿ ಚುಚ್ಚಿತು ಅಂದೆ.

ಕೋಪ ಹೋಗಿಲ್ಲ. ಹನ್ನೊಂದು ವರ್ಷದ ಕೋಪ ಒಂದು ಚೀಟಿಗೆ ಹೋಗುವುದಿಲ್ಲ, ಅದನ್ನು ಸ್ಪಷ್ಟವಾಗಿ ತಿಳಿದುಕೋ.

ಆದರೆ ಒಂದು ತೊಂದರೆ ಬಂದಿದೆ. ಬಸ್ ನಿಲ್ದಾಣದ ಎದುರಿನ ಅಂಗಡಿಯವನು ನಿನ್ನ ಚೀಲ ನೋಡಿ ಇಂಥವೇ ಇಪ್ಪತ್ತು ಬೇಕು ಅಂದ. ಹ್ಞೂಂ ಅಂದುಬಿಟ್ಟೆ. ಚರ್ಮ ತಂದು ಹಾಸಿಕೊಂಡು ಎರಡು ದಿನ ಕೂತೆ. ನನಗೆ ಕತ್ತರಿಸಲು ಬರುವುದಿಲ್ಲ. ಒಂದು ಹಾಳೆ ಕೆಡಿಸಿದೆ, ಅದರ ಬೆಲೆ ನೆನೆದು ಇನ್ನೊಂದನ್ನು ಮುಟ್ಟಲಿಲ್ಲ. ಅಮ್ಮ ನನಗೆ ಹೊಲಿಗೆಯೊಂದನ್ನೇ ಕಲಿಸಿದಳಲ್ಲ. ಕತ್ತರಿ ನಿನ್ನ ಹತ್ತಿರ ಇದೆ. ಕೋರ್ಟೇ ಉಳಿಸಿಕೊಟ್ಟಿದೆ.

ಹಿಂದಿನ ಕೋಣೆಯಲ್ಲಿ ಹಾಸುಬಟ್ಟೆಯ ಗಂಟುಗಳಿದ್ದವು, ತೆಗೆದಿದ್ದೇನೆ. ಎರಡು ಹಾಸಿಗೆ ಹಿಡಿಸುತ್ತದೆ, ಹದಿನೇಳು ಪಾತ್ರೆಗೆ ಜಾಗ ಇಲ್ಲ, ಒಂದರೊಳಗೊಂದು ಇಡಲಿ. ನಿನ್ನ ಹೆಂಡತಿಗೆ ಹೇಳು, ಇಲ್ಲಿ ಯಾವ ಕೋಣೆಗೂ ಬೀಗ ಇಲ್ಲ. ತಳ ಸುಟ್ಟ ಬಾಣಲೆಯನ್ನೂ ಮರೆಯದೆ ತರಲಿ. ಮಿಷನ್ ನನ್ನದು, ಅದು ನೆನಪಿರಲಿ. ಚೀಲಕ್ಕಿಷ್ಟು ಅಂತ ನಿನಗೆ ಕೂಲಿ ಕೊಡುತ್ತೇನೆ, ಭಾವನ ಎದುರಿಗೇ ಕೊಡುತ್ತೇನೆ.

ಇಷ್ಟಾದ ಮೇಲೆ ನನ್ನ ಮುಂದೆ ಬಂದು ನಿಲ್ಲಲು ನಿನಗೆ ನಾಚಿಕೆಯಾಗುತ್ತದೆ ಅಂತ ಗೊತ್ತು. ಆಗಲಿ. ಅದನ್ನೂ ಗಂಟಿನಲ್ಲಿ ಕಟ್ಟಿಕೊಂಡು ಬಾ. ಅದೂ ನಿನ್ನದೇ, ಅದನ್ನು ಯಾರೂ ಜಪ್ತಿ ಮಾಡಿಲ್ಲ.

ನಿನ್ನ ಅಕ್ಕ